ಕೂರುವುದು ಸುಲಭ, ಏಳುವುದು ಕಷ್ಟ



ಅಡಿಕೆಗೆ ಮದ್ದು ಬಿಡುವ ಕಾಲ, ಕಾಳುಮೆಣಸಿನ ಸೊರಗು ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಸೋಫಾದ ಮಾತೇಕೆ ಬಂತು ಎಂದು ನೀವು ಕೇಳಬಹುದು. ಬಂದದ್ದು ಒಬ್ಬ ಅಜ್ಜಿಯಿಂದ.

ಈಚೆಗೆ ಮನೆ ಭೇಟಿಗೆ ಹೋಗಿದ್ದೆ. ಹಳೆಯ ಹಂಚಿನ ಮನೆಯಿದ್ದ ಜಾಗದಲ್ಲಿ ಹೊಸ ತಾರಸಿ ಮನೆ ಎದ್ದಿದೆ. ಚಾವಡಿಯ ತುಂಬ ಒಂದು ದೊಡ್ಡ ಸೋಫಾ. ಕೊಲ್ಲಿಯಲ್ಲಿ ದುಡಿಯುವ ಮಗ ಪ್ರೀತಿಯಿಂದ ತೆಗೆಸಿಕೊಟ್ಟದ್ದು. ಮನೆಯವರು ನನ್ನನ್ನು ಅದರಲ್ಲಿ ಕುಳ್ಳಿರಿಸಿದರು. ಅಜ್ಜಿ ಮಾತ್ರ ಅಡುಗೆಮನೆಯ ದಾರಂದ ಹಿಡಿದುಕೊಂಡು ನಿಂತೇ ಇದ್ದರು. "ಅಮ್ಮಾ, ನೀವೂ ಕೂತುಕೊಳ್ಳಿ" ಎಂದೆ. "ಬೇಡ ಫಾದರ್. ಕೂರ್ಲಿಕ್ಕೆ ಆಗ್ತದೆ, ಏಳ್ಲಿಕ್ಕೆ ಆಗುದಿಲ್ಲ" ಎಂದು ನಕ್ಕರು.

ಸೊಸೆಯನ್ನು ಕೇಳಿದಾಗ ಉಳಿದದ್ದು ತಿಳಿಯಿತು. ಹಳೆಯ ಮನೆಯಲ್ಲಿ ಹಲಸಿನ ಮರದ ಬೆಂಚಿನ ಒಂದು ತುದಿ ಅಜ್ಜಿಯ ಜಾಗವಾಗಿತ್ತು. ಸೋಫಾ ಬಂದ ಮೇಲೆ ಬೆಂಚು ಹಿಂದಿನ ಕೊಟ್ಟಿಗೆ ಸೇರಿತು. ಒಂದೆರಡು ಸಲ ಸೋಫಾದಲ್ಲಿ ಕುಳಿತ ಅಜ್ಜಿಯನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ನೆಂಟರೆದುರು ಹಾಗಾದ ದಿನದಿಂದ ಅವರು ಚಾವಡಿಯಲ್ಲಿ ಕೂರುವುದನ್ನೇ ಬಿಟ್ಟಿದ್ದಾರೆ. ಸಂಜೆಯ ಪ್ರಾರ್ಥನೆಗೂ ಬಾಗಿಲ ಬಳಿ ನಿಂತೇ ಸೇರುತ್ತಾರೆ. ಯಾರೂ ಅವರನ್ನು ದೂರ ಮಾಡಲಿಲ್ಲ, ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ತಾವು ಬದುಕಿ ಬಾಳಿದ ಮನೆಯ ಚಾವಡಿಯಲ್ಲಿ ಅವರಿಗೆ ಕೂರಲು ಜಾಗವಿಲ್ಲದಂತಾಯಿತು.

ಈ ವಿಷಯದಲ್ಲಿ ನಾನೂ ತಪ್ಪು ಮಾಡಿದವನೇ. ಹಿಂದೆ ಇದ್ದ ಧರ್ಮಕೇಂದ್ರದ ಗುರುಮನೆಗೆಂದು ಅಂಗಡಿಯಲ್ಲಿ ಎರಡು ನಿಮಿಷ ಕುಳಿತು ನೋಡಿ ಒಂದು ಆಳವಾದ ಸೋಫಾ ತೆಗೆದುಕೊಂಡಿದ್ದೆ. ನನ್ನನ್ನು ಕಾಣಲು ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು ಎಂಬುದು ಆಗ ನೆನಪಾಗಲಿಲ್ಲ. ಅವರೆಲ್ಲ ಅದರ ಅಂಚಿನಲ್ಲಿ ನಾಲ್ಕು ಇಂಚು ಜಾಗದಲ್ಲಿ ಕುಳಿತು ಮಾತಾಡಿ ಹೋಗುತ್ತಿದ್ದರು. ಅದು ಅವರ ಸಂಕೋಚವೆಂದು ಬಹಳ ಕಾಲ ತಿಳಿದಿದ್ದೆ. ನನಗೂ ಐವತ್ತು ದಾಟಿ ಮೊಣಕಾಲು ಮಾತಾಡತೊಡಗಿದ ಮೇಲೆ ನಿಜ ಸಂಗತಿ ಅರ್ಥವಾಯಿತು.

ಆಳದ ಆಸನದಲ್ಲಿ ಆಗುವುದೇನು?

ಊಟದ ಮೇಜಿನ ಕುರ್ಚಿಯ ಆಸನ ನೆಲದಿಂದ ಸುಮಾರು 17ರಿಂದ 18 ಇಂಚು ಎತ್ತರವಿರುತ್ತದೆ. ಮುಂದಿನ ಅಂಚಿನಿಂದ ಬೆನ್ನಿನವರೆಗಿನ ಆಳ 16ರಿಂದ 18 ಇಂಚು. ಈಗ ಬಹಳ ಜನ ಇಷ್ಟಪಡುವ 'ಲೌಂಜ್' ಮಾದರಿಯ ಸೋಫಾಗಳಲ್ಲಿ ಆಳ 24 ಇಂಚು ದಾಟುತ್ತದೆ. ಕೆಲವದರಲ್ಲಿ 28 ಇಂಚೂ ಇರುತ್ತದೆ. ಎತ್ತರ 16 ಇಂಚು ಎಂದು ಬರೆದಿದ್ದರೂ ಮೆತ್ತೆ ಮೆದುವಾಗಿದ್ದರೆ ಕುಳಿತಾಗ ಎರಡು ಮೂರು ಇಂಚು ತಗ್ಗುತ್ತದೆ.

ನಾವು ಕುರ್ಚಿಯಿಂದ ಏಳುವಾಗ ನಮಗರಿವಿಲ್ಲದೆ ಮೂರು ಕೆಲಸ ಮಾಡುತ್ತೇವೆ: ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಎದೆಯನ್ನು ಮುಂದಕ್ಕೆ ಬಾಗಿಸುತ್ತೇವೆ, ಆಮೇಲೆ ತೊಡೆಯ ಬಲದಿಂದ ಮೇಲೇಳುತ್ತೇವೆ. ಆಳದ ಸೋಫಾ ಈ ಮೂರಕ್ಕೂ ಅಡ್ಡಿ ಮಾಡುತ್ತದೆ. ಅದರ ಅಡಿ ಪೂರ್ತಿ ಮುಚ್ಚಿರುವುದರಿಂದ ಪಾದ ಹಿಂದೆ ಹೋಗುವುದಿಲ್ಲ. ಸೊಂಟ ಮೊಣಕಾಲಿಗಿಂತ ಕೆಳಗಿರುವುದರಿಂದ ದೇಹ ಮುಂದೆ ಬರುವುದಿಲ್ಲ. ಆಸನ ತಗ್ಗಿದಷ್ಟೂ ಮೊಣಕಾಲು ಮತ್ತು ಸೊಂಟದ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ. ತೊಡೆಯ ಸ್ನಾಯು ಸೊರಗಿದ ಹಿರಿಯರು ಎರಡು ಸಲ ಪ್ರಯತ್ನಿಸಿ ಹಿಂದಕ್ಕೆ ಬೀಳುತ್ತಾರೆ. ಮೂರನೆಯ ಸಲ ಜೋರಾಗಿ ಎದ್ದು ಮುಂದಕ್ಕೆ ಮುಗ್ಗರಿಸುವುದೂ ಉಂಟು.

ಗಿಡ್ಡ ದೇಹದವರಿಗೆ ಇನ್ನೊಂದು ತೊಂದರೆ. ಬೆನ್ನು ಹಿಂದಕ್ಕೆ ತಾಗಬೇಕಾದರೆ ಪಾದ ನೆಲ ಬಿಡುತ್ತದೆ, ಅಂಚು ಮೊಣಕಾಲಿನ ಹಿಂಬದಿಯನ್ನು ಒತ್ತುತ್ತದೆ. ಪಾದ ನೆಲ ಮುಟ್ಟಬೇಕಾದರೆ ಬೆನ್ನಿಗೆ ಆಧಾರವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ. ದಿನವಿಡೀ ಅಡಿಕೆ ಸುಲಿದು ಬಂದ ಬೆನ್ನಿಗೆ ಇದು ವಿಶ್ರಾಂತಿಯಲ್ಲ.

"ಫಾದರ್, ನಮ್ಮ ಅಜ್ಜಿಯಂದಿರು ಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯಲಿಲ್ಲವೇ? ಅದು ಇನ್ನೂ ತಗ್ಗಲ್ಲವೇ?" ಎಂದು ಒಬ್ಬ ಯುವಕ ಕೇಳಿದ. ಒಳ್ಳೆಯ ಪ್ರಶ್ನೆ. ನೆಲ ಗಟ್ಟಿ. ಒಂದು ಕೈ ಊರಿ, ಪಕ್ಕಕ್ಕೆ ತಿರುಗಿ, ಒಂದು ಮೊಣಕಾಲೂರಿ ಏಳಬಹುದು. ಹುಟ್ಟಿನಿಂದ ಮಾಡಿದ ಅಭ್ಯಾಸವೂ ಇತ್ತು. ಮೆದು ಮೆತ್ತೆಯಲ್ಲಿ ಕೈ ಊರಿದರೆ ಕೈಯೂ ಮುಳುಗುತ್ತದೆ. ನಮ್ಮ ಹಿಂದಿನವರ ಆರಾಮ ಕುರ್ಚಿಯೂ ತಗ್ಗಾದದ್ದೇ. ಬೇಪೂರಿನ ಮನೆಯಲ್ಲಿ ಮ್ಯಾಂಗೋಸ್ಟೀನ್ ಮರದಡಿ ಅಂಥ ಕುರ್ಚಿಯಲ್ಲಿ ಕುಳಿತ ವೈಕಂ ಮುಹಮ್ಮದ್ ಬಷೀರರ ಚಿತ್ರ ನಮ್ಮ ಮಕ್ಕಳು ಮಲಯಾಳ ಕಲಿಯುವಾಗ ನೋಡಿರುತ್ತಾರೆ. ಆದರೆ ಮರದ ಕೈಗಳಿದ್ದ ಆ ಕುರ್ಚಿಯಲ್ಲಿ ಕೈಯೂರಿ ಏಳಬಹುದಿತ್ತು. ಕೈಗಳು ಗಟ್ಟಿಯಿದ್ದರೆ ಮೊಣಕಾಲಿನ ಭಾರ ಎಷ್ಟೋ ಇಳಿಯುತ್ತದೆ.

ಹಾಗೆಂದು ಆಳದ ಸೋಫಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎತ್ತರದವರಿಗೆ, ಕಾಲು ಮಡಚಿ ಕೂರುವ ಮಕ್ಕಳಿಗೆ, ಮಧ್ಯಾಹ್ನ ಒಂದು ಗಳಿಗೆ ಒರಗುವವರಿಗೆ ಅದು ಹಿತವೇ. ಮನೆಯಲ್ಲಿರುವ ಒಂದೇ ಆಸನ ಅದಾಗಬಾರದು, ಅಷ್ಟೆ.

ಅಳತೆ ಮೊದಲು ಮನೆಯಲ್ಲಿ

ಅಂಗಡಿಗೆ ಹೋಗುವ ಮುಂಚೆ ಮನೆಯ ಅತ್ಯಂತ ಹಿರಿಯರನ್ನು ಬರಿಗಾಲಿನಲ್ಲಿ ಗಟ್ಟಿ ಬೆಂಚಿನ ಮೇಲೆ, ಗೋಡೆಗೆ ಬೆನ್ನು ತಾಗುವಂತೆ ಕೂರಿಸಿ. ದರ್ಜಿಯ ಟೇಪಿನಿಂದ ಎರಡು ಅಳತೆ ತೆಗೆದುಕೊಳ್ಳಿ.

1. ನೆಲದಿಂದ ಮೊಣಕಾಲಿನ ಹಿಂಬದಿಯವರೆಗಿನ ಎತ್ತರ. ಐದಡಿ ಎತ್ತರದ ಹೆಂಗಸಿಗೆ ಇದು ಸುಮಾರು 15ರಿಂದ 16 ಇಂಚು. ಕುಳಿತು ಮೆತ್ತೆ ತಗ್ಗಿದ ಮೇಲೂ ಆಸನ ಇದಕ್ಕಿಂತ ಕೆಳಗೆ ಹೋಗಬಾರದು. ಮೊಣಕಾಲು ನೋವಿರುವವರಿಗೆ ಒಂದೆರಡು ಇಂಚು ಹೆಚ್ಚಿದ್ದರೆ ಒಳ್ಳೆಯದು.

2. ಗೋಡೆಯಿಂದ ಮೊಣಕಾಲಿನ ಹಿಂಬದಿಯವರೆಗಿನ ಉದ್ದ. ಅದೇ ಎತ್ತರದವರಿಗೆ ಸುಮಾರು 17ರಿಂದ 18 ಇಂಚು. ಇದರಿಂದ ಎರಡು ಇಂಚು ಕಳೆದರೆ ಅವರಿಗೆ ತಕ್ಕ ಆಳ ಸಿಗುತ್ತದೆ. ಕುಳಿತಾಗ ಆಸನದ ಅಂಚಿಗೂ ಕಾಲಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು.

26 ಇಂಚು ಆಳದ ಸೋಫಾ ಇವರಿಗೆ ಏಕೆ ಆಗುವುದಿಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುವವರು ಬಣ್ಣಕ್ಕಿಂತ ಮೊದಲು ಈ ಎರಡು ಅಂಕಿಗಳನ್ನು ನೋಡಲಿ. ಅಂಗಡಿಗೆ ಹೋಗುವವರು ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಲಿ. ಕಾಲು ಗಂಟೆ ಕುಳಿತು, ಯಾರ ಸಹಾಯವೂ ಇಲ್ಲದೆ ಎದ್ದು ನೋಡಲಿ. ಹಳೆಯ ಮನೆಗಳವರು ಬಾಗಿಲಿನ ಅಗಲವನ್ನೂ ಅಳೆಯಿರಿ. ಅಂಗಳದವರೆಗೆ ಬಂದು ಒಳಗೆ ಹೋಗದೆ ಉಳಿದ ಸೋಫಾಗಳನ್ನು ನಾನು ಕಂಡಿದ್ದೇನೆ.

ಮೆತ್ತೆಯ ಒಳಗೇನಿದೆ?

ಕೈಯಿಂದ ಒತ್ತಿ ನೋಡಿದರೆ ಗಟ್ಟಿಯೋ ಮೆದುವೋ ತಿಳಿಯುತ್ತದೆ, ಬಾಳಿಕೆ ತಿಳಿಯುವುದಿಲ್ಲ. ಬಾಳಿಕೆ ಸಾಂದ್ರತೆಗೆ ಸಂಬಂಧಿಸಿದ್ದು. ಅಂಗಡಿಯವರು '32 ಡೆನ್ಸಿಟಿ', '40 ಡೆನ್ಸಿಟಿ' ಎಂದರೆ ಒಂದು ಘನ ಮೀಟರ್ ಫೋಮಿನ ತೂಕ ಅಷ್ಟು ಕಿಲೋ ಎಂದರ್ಥ. ದಿನವೂ ಕೂರುವ ಆಸನಕ್ಕೆ 32ಕ್ಕಿಂತ ಕಡಿಮೆಯದು ಬೇಡ. 40 ಇದ್ದರೆ ಉತ್ತಮ.

ಇದನ್ನು ಪರೀಕ್ಷಿಸಲು ತಕ್ಕಡಿ ಸಾಕು. ಎರಡಡಿ ಉದ್ದ, ಎರಡಡಿ ಅಗಲ, ಐದು ಇಂಚು ದಪ್ಪದ ಫೋಮನ್ನು ಕವರು ತೆಗೆದು ತೂಗಿ. 40 ಡೆನ್ಸಿಟಿಯದಾದರೆ ಸುಮಾರು 1 ಕಿಲೋ 900 ಗ್ರಾಂ, 32 ಆದರೆ ಒಂದೂವರೆ ಕಿಲೋ, 23 ಆದರೆ ಒಂದು ಕಿಲೋ 100 ಗ್ರಾಂ ಬರಬೇಕು. ಅಡಿಕೆ ತೂಗಿ ಮಾರುವ ನಮಗೆ ಫೋಮ್ ತೂಗಿ ಕೊಳ್ಳಲು ನಾಚಿಕೆ ಬೇಡ.

ತೆಂಗಿನ ನಾಡಿನವರಾದ ನಾವು ಇನ್ನೊಂದು ವಸ್ತುವನ್ನು ಮರೆಯುತ್ತಿದ್ದೇವೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದದ್ದು 1916ರಷ್ಟು ಹಿಂದೆ. ನಾರಿನ ಉದ್ದಿಮೆಗೆಂದೇ 1953ರ ಕಾಯಿದೆಯಿಂದ ಕಯರ್ ಬೋರ್ಡ್ ಹುಟ್ಟಿತು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಬಿಸಿಯಲ್ಲಿ ಗಟ್ಟಿಗೊಳಿಸಿ ಮಾಡುವ ಹಾಳೆಯ ಒಳಗೆ ಗಾಳಿಯಾಡುತ್ತದೆ, ಕುಳಿತರೆ ಅದು ಹೆಚ್ಚು ತಗ್ಗುವುದಿಲ್ಲ. ಅಡಿಯಲ್ಲಿ ಈ ನಾರಿನ ಹಾಳೆ, ಮೇಲೆ ಒಂದೆರಡು ಇಂಚು ಫೋಮ್ ಹಾಕಿಸಿದರೆ ಹಿರಿಯರಿಗೆ ಹಿತವಾದ ಗಟ್ಟಿ ಆಸನ ಸಿದ್ಧವಾಗುತ್ತದೆ. ಸೋಫಾ ಹೊಲಿಯುವವರು ಕೇಳಿದರೆ ಮಾಡಿಕೊಡುತ್ತಾರೆ. ನಮ್ಮ ತೋಟದ ತೆಂಗಿಗೂ ರಬ್ಬರಿಗೂ ಅದರಲ್ಲಿ ಪಾಲಿದೆ.

ಮರ, ಬಟ್ಟೆ ಮತ್ತು ನಮ್ಮ ಮಳೆಗಾಲ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಒಣ ಊರಿನ ಸೋಫಾ ಇಲ್ಲಿ ಬಾಳುವುದಿಲ್ಲ. ಕೃತಕ ಚರ್ಮದ ಹೊದಿಕೆ ಸೆಕೆಗೂ ತೇವಕ್ಕೂ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುವುದನ್ನು ನೀವು ಕಂಡಿರಬಹುದು. ಬಿಚ್ಚಿ ಒಗೆಯಲು ಬರುವಂತೆ ಜಿಪ್ ಇರುವ ಹತ್ತಿ ಬಟ್ಟೆಯ ಕವರು ಉತ್ತಮ. ತೇವದ ಮೆತ್ತೆಯಲ್ಲಿ ಬೂಷ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣದ ಧೂಳಿನ ನುಸಿಗಳು ಹೆಚ್ಚುತ್ತವೆ. ಇವೆರಡೂ ದಮ್ಮು ಇರುವವರಿಗೆ ಶತ್ರುಗಳು. ಬಟ್ಟೆ ತಾಳಿಕೊಳ್ಳುವಂಥದ್ದಾದರೆ ಕವರನ್ನು ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಬಿಸಿಗೆ ನುಸಿ ಸಾಯುತ್ತದೆ. ಮಳೆ ಬಿಟ್ಟ ದಿನ ಮೆತ್ತೆಗಳನ್ನು ಬಿಸಿಲಿಗಿಡಿ. ಸೋಫಾವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಇಡಿ. ಅಡಿಯಲ್ಲಿ ಪೊರಕೆ ಹೋಗುವಷ್ಟು ಎತ್ತರದ ಕಾಲುಗಳಿರಲಿ. ಆಗ ಗಾಳಿಯಾಡುತ್ತದೆ, ಇಲಿ ಜಿರಲೆ ನೆಲೆಸುವುದಿಲ್ಲ, ಮುಖ್ಯವಾಗಿ ಏಳುವಾಗ ಪಾದ ಹಿಂದೆ ಹೋಗಲು ಜಾಗ ಸಿಗುತ್ತದೆ.

ಚೌಕಟ್ಟಿಗೆ ಸಾಗುವಾನಿ, ಹಲಸು ಒಳ್ಳೆಯವು. ಹಲಸಿನ ಹಳದಿ ತಿರುಳನ್ನೇ ಬಳಸಿ; ಹೊರಭಾಗದ ಬಿಳಿ ಮರಕ್ಕೆ ಹುಳು ಹಿಡಿಯುತ್ತದೆ. ಕೊಯ್ಸಿದ ಹಲಗೆಗಳನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು, ಚೆನ್ನಾಗಿ ಒಣಗಿಸಿದ ಮೇಲೆಯೇ ಆಚಾರಿಗೆ ಕೊಡಿ. ರಬ್ಬರ್ ಮರ ನೋಡಲು ಚೆಂದ, ಆದರೆ ಮದ್ದು ಹಾಯಿಸದಿದ್ದರೆ ಬಲುಬೇಗ ಬೂಷ್ಟು ಮತ್ತು ಹುಳುವಿಗೆ ತುತ್ತಾಗುತ್ತದೆ. ಸಂಸ್ಕರಿಸಿದ್ದೇ ಎಂದು ಕೇಳಿ ಕೊಳ್ಳಿ.

ಈಗಾಗಲೇ ಕೊಂಡಾಗಿದ್ದರೆ

ಮಾರಬೇಕಾಗಿಲ್ಲ. ಮೆತ್ತೆಯ ಅಡಿಗೆ ಒಂದು ಪ್ಲೈವುಡ್ ಹಲಗೆ ಹಾಕಿದರೆ ತಗ್ಗುವುದು ಕಡಿಮೆಯಾಗುತ್ತದೆ. ಬೆನ್ನಿನ ಹಿಂದೆ ಗಟ್ಟಿಯಾದ ದಿಂಬು ಇಟ್ಟರೆ ಆಳ ಕಡಿಮೆಯಾಗುತ್ತದೆ. ಕಾಲುಗಳ ಅಡಿಗೆ ಜಾರದಂತೆ ಗುಂಡಿ ತೋಡಿದ ಮರದ ತುಂಡುಗಳನ್ನು ಆಚಾರಿಯಿಂದ ಮಾಡಿಸಿದರೆ ಎರಡು ಮೂರು ಇಂಚು ಏರುತ್ತದೆ. ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆದವರನ್ನು ಮಾತ್ರ ವೈದ್ಯರು ಹೇಳಿದಷ್ಟು ವಾರ ತಗ್ಗಿನ ಆಸನದಲ್ಲಿ ಕೂರಿಸಲೇಬೇಡಿ. ಕೂಡಿಸಿದ ಕೀಲು ತಪ್ಪುವ ಅಪಾಯವಿದೆ.

ಏಳುವ ಕ್ರಮವನ್ನೂ ಕಲಿಸಿಕೊಡಿ. ಮೊದಲು ಅಂಚಿಗೆ ಸರಿಯಬೇಕು. ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ತರಬೇಕು. ಕೈಗಳನ್ನು ಸೋಫಾದ ಕೈಗಳ ಮೇಲೆ ಊರಿ, ಮುಂದೆ ಬಾಗಿ ಏಳಬೇಕು. ಎದ್ದ ಕೂಡಲೇ ನಡೆಯದೆ ಹತ್ತು ಎಣಿಸುವಷ್ಟು ಹೊತ್ತು ಹಿಡಿದು ನಿಲ್ಲಬೇಕು. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಆಗ ತಲೆ ತಿರುಗುವುದುಂಟು. ಭುಜ ಹಿಡಿದು ಎಳೆಯಬೇಡಿ.

ಕಾಲಿನ ಬಲ ಎಷ್ಟಿದೆಯೆಂದು ತಿಳಿಯಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಒಂದು ಸರಳ ಪರೀಕ್ಷೆ ಹೇಳುತ್ತದೆ. 17 ಇಂಚು ಎತ್ತರದ, ಕೈಗಳಿಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿ, ಕೈಗಳನ್ನು ಎದೆಯ ಮೇಲೆ ಮಡಚಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು ಎಂದು ಎಣಿಸಬೇಕು. ಅವರ ಪಟ್ಟಿಯಂತೆ 65ರಿಂದ 69 ವಯಸ್ಸಿನ ಗಂಡಸರಿಗೆ 12, ಹೆಂಗಸರಿಗೆ 11. 75ರಿಂದ 79ರವರಿಗೆ ಕ್ರಮವಾಗಿ 11 ಮತ್ತು 10. ಇದಕ್ಕಿಂತ ಕಡಿಮೆಯಾದರೆ ಬೀಳುವ ಸಂಭವ ಹೆಚ್ಚೆಂದು ತಿಳಿದು ವೈದ್ಯರನ್ನು ಕಾಣಬೇಕು. ಪರೀಕ್ಷಿಸುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೊಣಕಾಲು ತಡೆದುಕೊಂಡರೆ ಬೆಳಿಗ್ಗೆ, ಸಂಜೆ ಹತ್ತು ಹತ್ತು ಸಲ ಕುರ್ಚಿಯಿಂದ ಎದ್ದು ಕೂರುವುದೇ ತೊಡೆಗೆ ಒಳ್ಳೆಯ ವ್ಯಾಯಾಮ. ಖರ್ಚಿಲ್ಲದ ಮದ್ದು.

ಕೊನೆಗೆ ಆ ಅಜ್ಜಿಯ ಮಾತು. ನಾನು ಸೊಸೆಗೆ ಹೇಳಿದೆ, ಸೊಸೆ ಫೋನಿನಲ್ಲಿ ಗಂಡನಿಗೆ ಹೇಳಿದರು. "ಅಮ್ಮ ಒಂದು ದಿನವೂ ನನಗೆ ಹೇಳಲಿಲ್ಲವಲ್ಲ" ಎಂದು ಅವನಿಗೆ ಬೇಸರವಾಯಿತಂತೆ. ಮಗ ಆಸೆಪಟ್ಟು ಕೊಂಡದ್ದನ್ನು ತಾಯಿ ಹೇಗೆ ಬೇಡವೆನ್ನುತ್ತಾಳೆ? ಮುಂದಿನ ವಾರ ಬೆಂಚು ಕೊಟ್ಟಿಗೆಯಿಂದ ಒಳಗೆ ಬಂತು. ಆಚಾರಿ ಒಂದು ತುದಿಗೆ ಕೈ ಜೋಡಿಸಿದ. ಮೇಲೆ ನಾರಿನ ತೆಳು ಮೆತ್ತೆ. ಸೋಫಾ ಅಲ್ಲೇ ಇದೆ, ಮೊಮ್ಮಕ್ಕಳು ಅದರಲ್ಲಿ ಹೊರಳಾಡುತ್ತಾರೆ. ನಾನು ಮತ್ತೆ ಹೋದಾಗ ಅಜ್ಜಿ ಬೆಂಚಿನ ತುದಿಯಲ್ಲಿದ್ದರು. ನನ್ನನ್ನು ಕಂಡು ತಾವೇ ಎದ್ದು ನಿಂತರು.

ನಿಮ್ಮ ಮನೆಯಲ್ಲಿ ಯಾರಾದರೂ ಹಿರಿಯರು ಯಾವಾಗಲೂ ನಿಂತೇ ಮಾತಾಡುತ್ತಿದ್ದರೆ, ಅದು ಮರ್ಯಾದೆಗಾಗಿ ಎಂದು ತಿಳಿಯಬೇಡಿ. ಒಮ್ಮೆ ಕೇಳಿ ನೋಡಿ.