ರೀಕಾಲ್ ಆದ ಬೈಕು ಕೆಟ್ಟ ಬೈಕೇ?

ಹೊಸ ಬೈಕಿನ ಮಾತು ಮನೆಯಲ್ಲಿ ಎದ್ದರೆ ಸಲಹೆಗಾರರಿಗೆ ಬರವಿಲ್ಲ. ಮೈಲೇಜು, ರೀಸೇಲು, ಇಎಂಐ ಲೆಕ್ಕವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ಮೊಬೈಲಿನಲ್ಲಿ ಹಳೆಯ ಸುದ್ದಿಯೊಂದನ್ನು ತೆಗೆದು ತೋರಿಸುತ್ತಾರೆ: ಈ ಕಂಪನಿ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಿಕೊಂಡಿದೆ, ಇದರ ಸಹವಾಸವೇ ಬೇಡ. ಅಲ್ಲಿಗೆ ಆ ಬ್ರ್ಯಾಂಡಿನ ಕತೆ ಮುಗಿಯಿತು. ನನ್ನ ಮಟ್ಟಿಗೆ ಇದು ತಲೆಕೆಳಗಾದ ತೀರ್ಪು. ರೀಕಾಲ್ ಸುದ್ದಿಯಲ್ಲಿ ಕೊಳ್ಳುವವನಿಗೆ ಬೇಕಾದ ಮಾಹಿತಿ ಧಾರಾಳವಾಗಿದೆ, ನಿಜ. ಆದರೆ ದೋಷವನ್ನು ಮೊದಲು ಹಿಡಿದವರು ಯಾರು, ಹಿಡಿದ ಮೇಲೆ ಎಷ್ಟು ಬೇಗ ಬಾಯಿ ಬಿಟ್ಟರು ಎಂಬುದನ್ನು ಓದಬೇಕೇ ಹೊರತು ಎಷ್ಟು ಗಾಡಿ ಎಂಬ ಸಂಖ್ಯೆಯೊಂದನ್ನೇ ಓದಿ ಮುಗಿಸಬಾರದು.

ರಾಯಲ್ ಎನ್‌ಫೀಲ್ಡ್‌ನ 2021ರ ರೀಕಾಲನ್ನೇ ನೋಡಿ. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಕ್ಲಾಸಿಕ್, ಬುಲೆಟ್ ಮತ್ತು ಮೀಟಿಯರ್ 350 ಮಾದರಿಗಳ 2,36,966 ಬೈಕುಗಳನ್ನು ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ವಾಪಸ್ ಕರೆಯಿತು. ಕಾರಣ ಇಗ್ನಿಷನ್ ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ, ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕ ಭಾಗ ಇದು. ಇದರಲ್ಲಿ ದೋಷವಿದ್ದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಎಳೆತ ಕುಗ್ಗುತ್ತದೆ, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಕೂಡ ಆಗಬಹುದು. ಹೊರಗಿನ ಸರಬರಾಜುದಾರರಿಂದ 2020ರ ಡಿಸೆಂಬರಿನಿಂದ 2021ರ ಏಪ್ರಿಲ್ ನಡುವೆ ಬಂದ ಕೆಲವು ಬ್ಯಾಚುಗಳಲ್ಲಿ ಮಾತ್ರ ಈ ದೋಷ ಇರುವುದು ತನ್ನದೇ ಪರೀಕ್ಷೆಯಲ್ಲಿ ಗೊತ್ತಾಯಿತೆಂದು ಕಂಪನಿ ಹೇಳಿತು. ಭಾಗ ಬದಲಿಸಬೇಕಾಗಿ ಬರುವುದು ಶೇ 10ಕ್ಕಿಂತ ಕಡಿಮೆ ಗಾಡಿಗಳಿಗೆ ಎಂದೂ ಅಂದಾಜಿಸಿತು. ಪತ್ರಿಕೆಯ ಶೀರ್ಷಿಕೆಯಲ್ಲಿ ಎರಡೂಕಾಲು ಲಕ್ಷ ದಾಟಿದ ಆತಂಕದಂತೆ ಕಾಣುವ ಸುದ್ದಿಯನ್ನು ಹೀಗೆ ಬಿಡಿಸಿ ನೋಡಿದರೆ ಐದು ತಿಂಗಳ ಅವಧಿ, ಒಂದೇ ಬಿಡಿಭಾಗ, ಕಡೆಯ ಬ್ಯಾಚು ಬಂದು ಒಂದೇ ತಿಂಗಳಲ್ಲಿ ಪ್ರಕಟಣೆ. ಕಾಯಿಲ್ ಸರಿಯಿಲ್ಲದ್ದು ದೋಷವೇ, ಅದರಲ್ಲಿ ವಿನಾಯಿತಿ ಬೇಡ. ಆದರೆ ದೋಷ ಪತ್ತೆಮಾಡುವ ವ್ಯವಸ್ಥೆ ಆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿತ್ತು ಎನ್ನುವುದಕ್ಕೂ ಅದೇ ಪುರಾವೆ.

ಇದರ ಪಕ್ಕದಲ್ಲಿ ಹಾರ್ಲೆ-ಡೇವಿಡ್ಸನ್ ಎಬಿಎಸ್ ಬ್ರೇಕಿನ ಪ್ರಕರಣವನ್ನು ಇಟ್ಟು ನೋಡಬೇಕು. ಅವು 2008ರಿಂದ 2011ರ ನಡುವಿನ ಮಾದರಿಗಳು. ಬ್ರೇಕ್ ಆಯಿಲ್ ಕಾಲಕ್ರಮೇಣ ತೇವ ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ಎಬಿಎಸ್ ಘಟಕದ ಕವಾಟಗಳಲ್ಲಿ ಕಸರು ಕೂತು, ಮುನ್ಸೂಚನೆಯೇ ಇಲ್ಲದೆ ಬ್ರೇಕು ಹಿಡಿಯದೇ ಹೋಗುವ ಸಾಧ್ಯತೆ ಇತ್ತು. ಸವಾರರ ದೂರುಗಳ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2016ರ ಜುಲೈನಲ್ಲಿ ತನಿಖೆ ಆರಂಭಿಸಿತು. ಅಲ್ಲಿ ಸುಮಾರು 1,75,000 ಬೈಕುಗಳ ರೀಕಾಲ್ ಆದದ್ದು 2018ರ ಫೆಬ್ರುವರಿಯಲ್ಲಿ. ಆಯಿಲ್ ಬದಲಿಸಬೇಕೆಂದು ಮಾಲೀಕರ ಕೈಪಿಡಿಯಲ್ಲಿ ಇತ್ತು ಎಂಬುದು ಸುಳ್ಳಲ್ಲ. ಆದರೂ ಕೈಪಿಡಿಯ ಒಂದು ಸಾಲನ್ನು ಮರೆತ ಸವಾರನಿಗೆ ಬ್ರೇಕು ಪೂರ್ತಿ ಕೈಕೊಡುವುದನ್ನು ನಿರ್ವಹಣೆಯ ಕೊರತೆ ಎಂದಷ್ಟೇ ಕರೆದು ಕೈತೊಳೆಯಲಾಗದು. ಅಮೆರಿಕದ ಈ ಸಂಖ್ಯೆ ಎನ್‌ಫೀಲ್ಡಿನದಕ್ಕಿಂತ ಚಿಕ್ಕದು. ಕಾದ ಕಾಲ ಬಹು ದೊಡ್ಡದು. ಎರಡರಲ್ಲಿ ಗಂಭೀರ ಯಾವುದೆಂದು ಕೇಳಿದರೆ ನನಗಂತೂ ಅನುಮಾನವಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಪದೇ ಪದೇ ವಾಪಸ್ ಕರೆಯುವ ಕಂಪನಿಯ ಗುಣಮಟ್ಟವೇ ಕಳಪೆ ಎಂದು ಯಾಕೆ ಹೇಳಬಾರದು? ಹೇಳಬಹುದು, ಆದರೆ ಛೇದವನ್ನು ಮರೆಯದೆ. ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ದ್ವಿಚಕ್ರ ವಾಹನ ಮಾರುವ ಹೀರೋವನ್ನೂ ಸಾವಿರಗಳ ಲೆಕ್ಕದಲ್ಲಿ ಮಾರುವ ದುಬಾರಿ ಬ್ರ್ಯಾಂಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಲೆಕ್ಕವೇ ತಪ್ಪುತ್ತದೆ. ಊರು, ಹವೆಯೂ ಲೆಕ್ಕಕ್ಕೆ ಬರುತ್ತವೆ. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಸುಮಾರು 15,200 ಬೈಕುಗಳನ್ನು ಬ್ರೇಕ್ ಕ್ಯಾಲಿಪರ್ ತುಕ್ಕಿನ ಕಾರಣಕ್ಕೆ ಕರೆಸಿಕೊಂಡಿತು. ಅವೆಲ್ಲ ಬ್ರಿಟನ್, ಯುರೋಪ್ ಮತ್ತು ದಕ್ಷಿಣ ಕೊರಿಯಾದವು. ಚಳಿಗಾಲದಲ್ಲಿ ಹಿಮ ಕರಗಿಸಲು ಅಲ್ಲಿನ ರಸ್ತೆಗೆ ಸುರಿಯುವ ಉಪ್ಪೇ ತುಕ್ಕಿಗೆ ಮೂಲ. ಹಾವೇರಿಯಲ್ಲೋ ಕಲಬುರಗಿಯಲ್ಲೋ ಅದೇ ಬೈಕು ಕೊಂಡವನಿಗೆ ಈ ಸುದ್ದಿಯಿಂದ ಆಗಬೇಕಾದ್ದು ಏನೂ ಇಲ್ಲ. ಅದೂ ಅಲ್ಲದೆ ಬ್ರೇಕು, ಕಾಯಿಲು, ಎಬಿಎಸ್‌ನಂಥ ಭಾಗಗಳನ್ನು ಬೈಕ್ ಕಂಪನಿಗಳು ಹೆಚ್ಚಾಗಿ ಹೊರಗಿನಿಂದಲೇ ತರಿಸುತ್ತವೆ, ಎಷ್ಟೋ ಸಲ ಒಬ್ಬನೇ ಸರಬರಾಜುದಾರನಿಂದ. ಟ್ಯಾಂಕಿನ ಮೇಲಿನ ಹೆಸರು ಬೇರೆಯಾದ ಮಾತ್ರಕ್ಕೆ ಒಳಗಿನ ಭಾಗ ಬೇರೆ ಎನ್ನುವ ಹಾಗಿಲ್ಲ.

ಮತ್ತೊಂದು ಕಾರಣಕ್ಕೂ ರೀಕಾಲ್ ಪಟ್ಟಿ ವಿಶ್ವಾಸಾರ್ಹತೆಯ ಅಂಕಪಟ್ಟಿ ಆಗಲಾರದು. ನಮ್ಮಲ್ಲಿ 2012ರವರೆಗೆ ಇದಕ್ಕೊಂದು ನೀತಿಸಂಹಿತೆಯೂ ಇರಲಿಲ್ಲ. ಆ ವರ್ಷ ವಾಹನ ತಯಾರಕರ ಒಕ್ಕೂಟ ಸಿಯಾಮ್ ಸ್ವಯಂಪ್ರೇರಿತ ಸಂಹಿತೆಯೊಂದನ್ನು ತಂದಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕಡ್ಡಾಯವಾಗಿ ವಾಪಸ್ ಕರೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಗೆ ಬಂದವು. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯ. ದಂಡ 10 ಲಕ್ಷ ರೂಪಾಯಿಯಿಂದ 1 ಕೋಟಿಯವರೆಗೆ. ಆದರೆ ಇದೆಲ್ಲ ಪ್ರಾಣಕ್ಕೋ ಪರಿಸರಕ್ಕೋ ಅಪಾಯ ತರುವ ದೋಷಗಳಿಗೆ. ಆರು ತಿಂಗಳಲ್ಲೇ ಸದ್ದು ಮಾಡುವ ಚೈನ್, ಮಳೆಗಾಲದಲ್ಲಿ ಮಂಜು ಕಟ್ಟುವ ಮೀಟರ್, ಒಸರುವ ಆಯಿಲ್ ಸೀಲ್, ಇವು ಯಾವ ರೀಕಾಲಿನಲ್ಲೂ ಕಾಣವು. ಬೈಕಿನ ಯಜಮಾನನನ್ನು ದಿನನಿತ್ಯ ಗೋಳು ಹೊಯ್ದುಕೊಳ್ಳುವುದು ಮಾತ್ರ ಇವೇ.

ಹಾಗಾದರೆ ಸವಾರರನ್ನೇ ಕೇಳಿದರಾಯಿತಲ್ಲ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2015ರಲ್ಲಿ ಅದನ್ನೇ ಮಾಡಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಬೈಕುಗಳ ಮಾಹಿತಿ ಕಲೆಹಾಕಿ, ಕೊಂಡ ನಾಲ್ಕನೆಯ ವರ್ಷದೊಳಗೆ ರಿಪೇರಿಗೆ ಬರುವ ಸಂಭವ ಎಷ್ಟೆಂದು ಅಂದಾಜಿಸಿತು. ಯಮಹಾ ಶೇ 11, ಸುಜುಕಿ ಮತ್ತು ಹೋಂಡಾ ಶೇ 12, ಕವಾಸಾಕಿ ಶೇ 15. ಹಾರ್ಲೆ ಶೇ 26, ಡುಕಾಟಿ ಶೇ 33, ಬಿಎಂಡಬ್ಲ್ಯು ಶೇ 40. ಜಪಾನಿನ ಬೈಕು ಕೆಡುವುದಿಲ್ಲ ಎಂಬ ಲೋಕಾರೂಢಿಗೆ ಇಲ್ಲಿ ಆಧಾರ ಸಿಕ್ಕಿತು. ಕುತೂಹಲ ಇರುವುದು ಇನ್ನೊಂದು ಪ್ರಶ್ನೆಯ ಉತ್ತರದಲ್ಲಿ. ಇದೇ ಬೈಕನ್ನು ಮತ್ತೆ ಕೊಳ್ಳುತ್ತೀರಾ ಎಂದು ಕೇಳಿದಾಗ ಹಾರ್ಲೆ ಮಾಲೀಕರಲ್ಲಿ ಶೇ 72 ಮಂದಿ ಹೌದೆಂದರು, ಹೋಂಡಾದವರಲ್ಲಿ ಶೇ 70. ಎರಡು ಪಟ್ಟು ಹೆಚ್ಚು ಕೆಡುವ ಗಾಡಿಗೆ ತುಸು ಹೆಚ್ಚೇ ಪ್ರೀತಿ! ಬಳಕೆದಾರರ ಮೆಚ್ಚುಗೆಯನ್ನು ಗಟ್ಟಿತನ ಎಂದು ಓದಿಕೊಳ್ಳುವವರು ಇದನ್ನು ಗಮನಿಸಬೇಕು. ಆ ಪಟ್ಟಿಯಲ್ಲಿ ಮೆಚ್ಚುಗೆಗೆ ಮೊದಲ ಸ್ಥಾನ ಪಡೆದದ್ದು ವಿಕ್ಟರಿ, ಶೇ 80. ಎರಡೇ ವರ್ಷಕ್ಕೆ, 2017ರ ಜನವರಿಯಲ್ಲಿ, ಅದರ ಒಡೆಯ ಪೊಲಾರಿಸ್ ಕಂಪನಿ ವಿಕ್ಟರಿ ಬ್ರ್ಯಾಂಡನ್ನೇ ಮುಚ್ಚಿತು. ಹತ್ತು ವರ್ಷ ಬಿಡಿಭಾಗ ಒದಗಿಸುವ ಭರವಸೆ ಕೊಟ್ಟಿತೆನ್ನುವುದೊಂದೇ ಸಮಾಧಾನ.

ಇಲ್ಲಿಂದ ಮಾತು ಸರ್ವಿಸಿಗೆ ಬರಲೇಬೇಕು, ಯಾಕೆಂದರೆ ಬ್ರ್ಯಾಂಡಿನ ನಿಜವಾದ ಪರೀಕ್ಷೆ ಗಾಡಿ ಕೆಟ್ಟ ದಿನ. 1994ರಲ್ಲಿ ಬಂದ ಸ್ಪ್ಲೆಂಡರಿನ ಎಂಜಿನ್ ಸರಳ; ಅದರ ಕ್ಲಚ್ ಪ್ಲೇಟು, ಕೇಬಲ್ಲು ಹೋಬಳಿ ಪೇಟೆಯಲ್ಲೂ ಸಿಗುತ್ತವೆ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ಸರ್ಕಲ್ಲಿನಲ್ಲೂ ಇದ್ದಾನೆ. ಅದರ ಗಟ್ಟಿತನದ ಹೆಸರಿನಲ್ಲಿ ಅರ್ಧ ಪಾಲು ಕಾರ್ಖಾನೆಯದಾದರೆ ಉಳಿದರ್ಧ ಈ ಮೆಕ್ಯಾನಿಕ್ಕುಗಳದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿರುವುದು ಆ ಕಂಪನಿಯ ಗ್ರಾಹಕ ಸೇವೆಯಿಂದಲ್ಲ, ಊರಿನ ಗ್ಯಾರೇಜುಗಳಿಂದ. ಇದಕ್ಕೆ ತದ್ವಿರುದ್ಧವಾದದ್ದು ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟರೆ ಬೇರೆ ಯಾರೂ ಮುಟ್ಟಲಾಗದ ಗಾಡಿಗಳು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2022ರ ಏಪ್ರಿಲ್‌ನಲ್ಲಿ, ಪುಣೆಯಲ್ಲಿ ಒಂದು ಸ್ಕೂಟರಿಗೆ ಬೆಂಕಿ ಹೊತ್ತಿಕೊಂಡ ಮೇಲೆ, 1,441 ಸ್ಕೂಟರುಗಳನ್ನು ವಾಪಸ್ ಕರೆಯಿತು. 2023ರಲ್ಲಿ ಮುಂದಿನ ಫೋರ್ಕ್ ಮುರಿಯುತ್ತದೆಂಬ ದೂರುಗಳು ಎದ್ದಾಗ ಆತಂಕ ನಿರಾಧಾರ ಎನ್ನುತ್ತಲೇ ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಅದು ಅವರ ಬಾಯಲ್ಲಿ ‘ಅಪ್‌ಗ್ರೇಡ್’. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಾರಣ ಕೇಳಿ ನೋಟಿಸ್ ಕೊಟ್ಟಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಒಂದು ವರ್ಷದಲ್ಲಿ ದಾಖಲಾಗಿದ್ದ ದೂರುಗಳು 10,644. ಶೇ 99.1ರಷ್ಟನ್ನು ಪರಿಹರಿಸಿದ್ದೇವೆಂದು ಕಂಪನಿ ಉತ್ತರಿಸಿತು. ಆ ಉತ್ತರವನ್ನು ಒಪ್ಪಿಕೊಂಡರೂ, ಗ್ಯಾರೇಜಿಗೆ ಒಯ್ಯಲಾಗದ ಗಾಡಿ ಕೊಳ್ಳುವವರು ಸರ್ವಿಸ್ ಸೆಂಟರ್ ಎಷ್ಟು ದೂರದಲ್ಲಿದೆ ಎಂಬುದನ್ನು ಬೆಲೆಯ ಜೊತೆಗೇ ಕೂಡಿಸಿಕೊಳ್ಳುವುದು ಕ್ಷೇಮ.

ರೀಕಾಲಿಗೆ ಹೆದರಬೇಡಿ ಎಂದರೆ ಕಂಪನಿಗಳಿಗೆ ಸಸಾರ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಕಾಣುವ ಅಪಾಯ ಅದರ ವಿರುದ್ಧ ದಿಕ್ಕಿನದು. ಪ್ರಕಟಣೆ ಹೊರಡಿಸಿದರೆ ಮಾರುಕಟ್ಟೆ ಶಿಕ್ಷಿಸುತ್ತದೆ ಎಂದಾದರೆ, ರೂಢಿಯ ಸರ್ವಿಸಿಗೆ ಬಂದ ಗಾಡಿಯಲ್ಲಿ ಸದ್ದಿಲ್ಲದೆ ಭಾಗ ಬದಲಿಸಿ ಸುಮ್ಮನಾಗುವ ದಾರಿ ಯಾವ ಕಂಪನಿಗಾದರೂ ಸಲೀಸು. ಅಂಥ ಗುಟ್ಟಿನ ರಿಪೇರಿಯಿಂದ ಹೊರಗುಳಿಯುವವರು ಹೊರಗಿನ ಗ್ಯಾರೇಜಿಗೆ ಹೋಗುವವರು ಮತ್ತು ಸೆಕೆಂಡ್ ಹ್ಯಾಂಡ್ ಕೊಂಡವರು. ಬಹಿರಂಗ ರೀಕಾಲಿನಲ್ಲೂ ಇವರದೇ ಪಾಡು. ಕಂಪನಿಯ ಕಡತದಲ್ಲಿರುವುದು ಮೊದಲ ಮಾಲೀಕನ ಫೋನ್ ನಂಬರು. ಆದ್ದರಿಂದ ನಿಮ್ಮದು ಹಳೆಯ ಗಾಡಿಯಾಗಿದ್ದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲೋ ಶೋರೂಮಿನಲ್ಲೋ ಕೊಟ್ಟು, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಕೇಳಿ. ಇದ್ದರೆ ಆ ಕೆಲಸ ಉಚಿತ. ದುಡ್ಡು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.