ಸೀಮಾಸ್ ಚಿಪ್: ಅದರ ಸ್ವಭಾವವೂ ಅದನ್ನು ಬಳಸುವ ಬಗೆಯೂ

ಹೈಸ್ಕೂಲಿನಲ್ಲಿ ಓದುವ ಹುಡುಗಿಯೊಬ್ಬಳು ಬಿಡುವಿನ ವೇಳೆಯಲ್ಲಿ ಒಂದು ಬ್ಯಾಟರಿ, ನಾಲ್ಕಾರು ತಂತಿಗಳು, ಒಂದು ಪುಟ್ಟ ದೀಪ, ಹದಿನಾಲ್ಕು ಕಾಲುಗಳುಳ್ಳ ಒಂದು ಕರಿಯ ಚಿಪ್ ಇವುಗಳನ್ನು ಜೋಡಿಸಿ ತಾಯಿಗೆ ತೋರಿಸಲು ಬರುತ್ತಾಳೆಂದು ಭಾವಿಸೋಣ. ಕೈ ಸಮೀಪಿಸಿದರೆ ದೀಪ ಹೊತ್ತುತ್ತದೆ, ಹಿಂದೆಗೆದರೆ ಆರುತ್ತದೆ, ಒಮ್ಮೊಮ್ಮೆ ತಾನಾಗಿಯೇ ಮಿನುಗುತ್ತದೆ. ಪುಸ್ತಕದಲ್ಲಿ ಹೇಳಿದಂತೆ ಯಾವುದೂ ನಡೆಯದು. ಅವಳು ತಂತಿಗಳನ್ನು ಮೂರು ಸಲ ಪರೀಕ್ಷಿಸಿ, ಕೊನೆಗೆ “ಇದು ನನಗೆ ಬಾರದ ವಿದ್ಯೆ” ಎಂದು ಡಬ್ಬಿಯನ್ನು ಮುಚ್ಚಿಡುತ್ತಾಳೆ. ಕೊರತೆಯು ಅವಳ ಬುದ್ಧಿಯಲ್ಲಿಲ್ಲ. ಚಿಪ್ಪಿನ ಸ್ವಭಾವವನ್ನು ಯಾರೂ ಅವಳಿಗೆ ತಿಳಿಸಿರಲಿಲ್ಲ, ಅಷ್ಟೆ. ಆ ಸ್ವಭಾವವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ವಿವರಿಸುವುದೇ ಈ ಲೇಖನದ ಉದ್ದೇಶವು.

ಸೀಮಾಸ್ ಎಂಬುದು ಕೆಲವು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳಿಂದಾದ ಹೆಸರು. ಒಂದಕ್ಕೊಂದು ಪೂರಕವಾದ ಎರಡು ಬಗೆಯ ಟ್ರಾನ್ಸಿಸ್ಟರುಗಳನ್ನು ಜೊತೆಗೂಡಿಸಿರುವುದೇ ಅದರ ತಿರುಳು. ಅಮೆರಿಕದ ಫೇರ್‌ಚೈಲ್ಡ್ ಕಂಪೆನಿಯಲ್ಲಿದ್ದ ಫ್ರಾಂಕ್ ವಾನ್‌ಲಾಸ್ ಎಂಬವರು 1963ರಲ್ಲಿ ಈ ರಚನೆಯನ್ನು ಕಂಡುಹಿಡಿದರು. 1968ರಲ್ಲಿ ಆರ್.ಸಿ.ಎ. ಕಂಪೆನಿಯು 4000 ಎಂಬ ಅಂಕೆಯಿಂದ ಮೊದಲಾಗುವ ಚಿಪ್ಪುಗಳ ಶ್ರೇಣಿಯನ್ನು ಮಾರುಕಟ್ಟೆಗೆ ತಂದಿತು. ಇಂದಿನ ಗಣಕಯಂತ್ರಗಳೂ ಮೊಬೈಲ್ ಫೋನುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಹೊಸದಾಗಿ ಕಲಿಯುವವರಿಗೆ ಆ ಹಳೆಯ ಶ್ರೇಣಿಯೇ ಇಂದಿಗೂ ಅನುಕೂಲವಾದುದು. ಏಕೆಂದರೆ ಅದು 3ರಿಂದ 15 ವೋಲ್ಟುಗಳವರೆಗೆ ಎಷ್ಟು ಕೊಟ್ಟರೂ ಕೆಲಸ ಮಾಡುವುದು. 9 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಸಾಕು. ಗೋಡೆಯ ವಿದ್ಯುತ್ತಿನ ಗೊಡವೆಯೇ ಇಲ್ಲದುದರಿಂದ ತಾಯಿತಂದೆಗಳು ಅಂಜಬೇಕಾದುದಿಲ್ಲ.

ಇದರ ಕಾರ್ಯಕ್ರಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದು ನೀರಿನ ತೊಟ್ಟಿಗೆ ಎರಡು ನಲ್ಲಿಗಳಿವೆಯೆನ್ನಿ. ಮೇಲಿನದು ತೊಟ್ಟಿಯನ್ನು ತುಂಬಿಸುತ್ತದೆ; ಕೆಳಗಿನದು ಬರಿದು ಮಾಡುತ್ತದೆ. ಎರಡಕ್ಕೂ ಹಿಡಿಕೆ ಒಂದೇ: ಅದನ್ನು ಒಂದು ಕಡೆ ತಿರುಗಿಸಿದರೆ ಮೇಲಿನದು ತೆರೆದು ಕೆಳಗಿನದು ಮುಚ್ಚುವುದು; ಮತ್ತೊಂದು ಕಡೆ ತಿರುಗಿಸಿದರೆ ಕೆಳಗಿನದು ತೆರೆದು ಮೇಲಿನದು ಮುಚ್ಚುವುದು. ಹೀಗಿರುವಲ್ಲಿ ಮೇಲಿನಿಂದ ಬಂದ ನೀರು ನೇರವಾಗಿ ಕೆಳಗೆ ಹರಿದು ಪೋಲಾಗಲು ದಾರಿಯೇ ಇಲ್ಲ. ಚಿಪ್ಪಿನಲ್ಲಿ ಮೇಲಿನ ನಲ್ಲಿಯೆಂದರೆ ಬ್ಯಾಟರಿಯ ಧನಭಾಗಕ್ಕೆ ಸೇರಿದ ಟ್ರಾನ್ಸಿಸ್ಟರ್. ಕೆಳಗಿನದು ಋಣಭಾಗಕ್ಕೆ ಸೇರಿದುದು. ತೊಟ್ಟಿಯು ನಿರ್ಗಮದ ಕಾಲು. ಹಿಡಿಕೆಯು ಪ್ರವೇಶದ ಕಾಲು. ಆದುದರಿಂದಲೇ ಚಿಪ್ ಸ್ಥಿರವಾಗಿರುವಾಗ ವಿದ್ಯುತ್ತು ಬಹುಮಟ್ಟಿಗೆ ವೆಚ್ಚವಾಗುವುದೇ ಇಲ್ಲ. ಸ್ಥಿತಿ ಬದಲಾಗುವ ಕ್ಷಣದಲ್ಲಿ ಮಾತ್ರ ಸ್ವಲ್ಪ ವ್ಯಯವಾಗುವುದು. ಬದಲಾವಣೆಗಳು ಹೆಚ್ಚಿದಷ್ಟೂ ವ್ಯಯವೂ ಬಿಸಿಯೂ ಹೆಚ್ಚುವುವು.

ಈಗ ಹಿಡಿಕೆಯನ್ನು ಯಾರೂ ಹಿಡಿಯದೆ ಬಿಟ್ಟರೆ ಏನಾಗುವುದು? ಮೊದಲು ಹೇಳಿದ ಹುಡುಗಿಯ ಕಷ್ಟವು ಇಲ್ಲಿಯೇ ಇರುವುದು. ಪ್ರವೇಶದ ಕಾಲಿಗೂ ಟ್ರಾನ್ಸಿಸ್ಟರಿನ ಒಡಲಿಗೂ ನಡುವೆ ಗಾಜಿನಂಥ ಅತ್ಯಂತ ತೆಳುವಾದ ಒಂದು ಪದರವುಂಟು. ಅದರ ಮೂಲಕ ಪ್ರವಾಹವು ಹರಿಯದುದರಿಂದ, ಆ ಕಾಲನ್ನು ತಿರುಗಿಸಲು ಅತ್ಯಲ್ಪ ವಿದ್ಯುತ್ತು ಸಾಕು. ಯಾವುದಕ್ಕೂ ಸೇರಿಸದೆ ಬಿಟ್ಟ ಕಾಲು ಗೋಡೆಯೊಳಗಿನ ತಂತಿಗಳ ಪ್ರಭಾವಕ್ಕೂ ಸಮೀಪಿಸಿದ ಕೈಗೂ ಒಳಗಾಗಿ ಅತ್ತಿತ್ತ ತೂಗಾಡುವುದು. ನಡುವೆ ನಿಂತರಂತೂ ಎರಡು ನಲ್ಲಿಗಳೂ ಅರೆಬರೆ ತೆರೆದು, ವಿದ್ಯುತ್ತು ವ್ಯರ್ಥವಾಗಿ ಹರಿದು ಚಿಪ್ ಬಿಸಿಯಾಗುವುದು. ಆದುದರಿಂದ ಪ್ರವೇಶದ ಯಾವ ಕಾಲನ್ನೂ, ಉಪಯೋಗಿಸದಿದ್ದರೂ ಸಹ, ಬರಿದೇ ಬಿಡಬಾರದು. ಧನಕ್ಕಾಗಲಿ ಋಣಕ್ಕಾಗಲಿ ಸೇರಿಸಲೇಬೇಕು. ಉಪಯೋಗಿಸದ ನಿರ್ಗಮದ ಕಾಲುಗಳನ್ನು ಮಾತ್ರ ಹಾಗೆಯೇ ಬಿಡತಕ್ಕದ್ದು.

ಅದೇ ತೆಳುಪದರವು ಚಿಪ್ಪಿನ ಮರ್ಮಸ್ಥಾನವೂ ಆಗಿದೆ. ಒಣಹವೆಯಲ್ಲಿ ರೇಷ್ಮೆಯ ಸೀರೆಯ ಉಜ್ಜುವಿಕೆಯಿಂದ ಮೈಯಲ್ಲಿ ಸಾವಿರಾರು ವೋಲ್ಟುಗಳ ಸ್ಥಿರವಿದ್ಯುತ್ತು ಸೇರಬಹುದು. ಚಿಪ್ಪಿನಲ್ಲಿ ರಕ್ಷಣೆಯ ಏರ್ಪಾಡಿದ್ದರೂ ಅದಕ್ಕೆ ಮಿತಿಯುಂಟು. ಪದರವು ತೂತಾದರೆ ಹೊರಗೆ ಯಾವ ಗುರುತೂ ಕಾಣದು. ಆದಕಾರಣ ಚಿಪ್ಪನ್ನು ಕೊಂಡಾಗ ಬಂದ ಕಪ್ಪು ಸ್ಪಂಜಿನಲ್ಲಿಯೇ ಇಟ್ಟಿರಬೇಕು. ಮುಟ್ಟುವ ಮೊದಲು ನೆಲಕ್ಕೆ ಸೇರಿದ ಲೋಹದ ನಲ್ಲಿಯನ್ನೊಮ್ಮೆ ಮುಟ್ಟಬೇಕು. ಬ್ಯಾಟರಿಯನ್ನು ಬಿಡಿಸಿದ ಮೇಲೆಯೇ ತಂತಿಗಳನ್ನು ಬದಲಿಸಬೇಕು.

ಇಷ್ಟು ತಿಳಿದ ಮೇಲೆ, ದೋಷವೆಂದು ಕಂಡ ಗುಣವನ್ನೇ ಉಪಕಾರಕ್ಕೆ ತಿರುಗಿಸಬಹುದು. ನೀರಿನ ತೊಟ್ಟಿ ತುಂಬಿದೊಡನೆ ದೀಪ ಹೊತ್ತುವಂತೆ ಮಾಡುವ ಬಗೆಯನ್ನು ನೋಡಿರಿ. 4011 ಎಂಬ ಚಿಪ್ಪನ್ನು ತೆಗೆದುಕೊಳ್ಳಿ. ಕಚ್ಚುಗುರುತು ಮೇಲಿರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೆಯ ಕಾಲು; ಅಲ್ಲಿಂದ ಕೆಳಗಿಳಿದು ಬಲಗಡೆ ಮೇಲಕ್ಕೆ ಎಣಿಸುತ್ತ ಹೋದರೆ 14ನೆಯದು ಬಲಗಡೆ ಮೇಲಿರುವುದು. 14ನ್ನು ಧನಕ್ಕೂ 7ನ್ನು ಋಣಕ್ಕೂ ಸೇರಿಸಿ, ಅವೆರಡರ ನಡುವೆ 0.1 ಮೈಕ್ರೋಫ್ಯಾರಡಿನ ಕೆಪ್ಯಾಸಿಟರನ್ನಿಡಿ. 1 ಮತ್ತು 2ನ್ನು ಒಂದುಗೂಡಿಸಿ, 1 ಮೆಗಓಮ್ ರೆಸಿಸ್ಟರಿನ ಮೂಲಕ ಋಣಕ್ಕೆ ಸೇರಿಸಿ. ಆ ಕೂಡುಸ್ಥಳದಿಂದ ಒಂದು ತಂತಿಯನ್ನೂ ಧನದಿಂದ ಇನ್ನೊಂದನ್ನೂ ತೊಟ್ಟಿಯ ಅಂಚಿನ ಬಳಿ, ತುದಿಗಳು ಒಂದನ್ನೊಂದು ಮುಟ್ಟದಂತೆ ಇಳಿಬಿಡಿ. 3ನ್ನು 5 ಮತ್ತು 6ಕ್ಕೆ ಸೇರಿಸಿ. 4ರಿಂದ 2200 ಓಮ್ ರೆಸಿಸ್ಟರಿನ ಮೂಲಕ ಎಲ್.ಇ.ಡಿ. ದೀಪದ ಉದ್ದದ ಕಾಲಿಗೂ, ಗಿಡ್ಡ ಕಾಲಿನಿಂದ ಋಣಕ್ಕೂ ಸಂಬಂಧ ಕಲ್ಪಿಸಿ. ಮಿಕ್ಕ ಪ್ರವೇಶಗಳಾದ 8, 9, 12, 13ನ್ನು ಋಣಕ್ಕೆ ಸೇರಿಸಲು ಮರೆಯಬೇಡಿ. ನೀರು ಏರಿ ಎರಡು ತಂತಿಗಳನ್ನೂ ಮುಟ್ಟಿದಾಗ ಅದರೊಳಗೆ ಹರಿಯುವ ಅಲ್ಪ ಪ್ರವಾಹವೇ 1 ಮತ್ತು 2ನ್ನು ಧನದ ಕಡೆಗೆ ಒಯ್ಯುವುದು. ಚಿಪ್ಪಿನ ಒಂದು ಭಾಗವು ಅದನ್ನು ತಿರುಗುಮುರುಗು ಮಾಡುವುದು, ಇನ್ನೊಂದು ಭಾಗವು ಮತ್ತೆ ತಿರುಗಿಸುವುದು, ದೀಪವು ಬೆಳಗುವುದು. ಈ ತಂತಿಗಳನ್ನು ನೀರೆತ್ತುವ ಪಂಪಿನ ತಂತಿಗಳಿಂದ ದೂರವಿಡುವುದು ಅವಶ್ಯಕ.

ಇದಕ್ಕೆ ಬೇಕಾದ ಸಾಮಾನುಗಳು ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಆದರೆ ಅದಕ್ಕಿಂತ ಮುಖ್ಯವಾದ ಸಾಮಗ್ರಿಯೊಂದುಂಟು: ದೀಪ ಹೊತ್ತದ ದಿನ ಮಗಳ ಪಕ್ಕದಲ್ಲಿ ಕುಳಿತು, “ಯಾವ ಕಾಲನ್ನು ಬರಿದೇ ಬಿಟ್ಟಿರುವೆ, ಮಗಳೇ? ಎಣಿಸಿ ನೋಡೋಣ” ಎಂದು ಕೇಳುವ ಹಿರಿಯರ ತಾಳ್ಮೆ. ಆ ಒಂದು ಪ್ರಶ್ನೆಯಿಂದ ಮುಚ್ಚಿಟ್ಟ ಡಬ್ಬಿಯು ಮತ್ತೆ ತೆರೆಯಬಹುದು.