ಡಿಸ್ಕು ಕೆಟ್ಟಾಗ

ಉಪಾಧ್ಯಾಯರೊಬ್ಬರ ಅಂಕಗಳ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿಯ ಮೂರು ವಿಷಯಗಳ ಅಂಕಗಳು 45, 62, 38 ಎಂದೂ ಕೊನೆಯ ಅಂಕಣದಲ್ಲಿ ಮೊತ್ತ 145 ಎಂದೂ ಬರೆದಿದೆಯೆಂದು ಭಾವಿಸೋಣ. ಬೀರುವಿನೊಳಗೆ ಇಲಿ ನುಗ್ಗಿ 62 ಇದ್ದ ಜಾಗವನ್ನು ಕಡಿದುಹಾಕಿದರೂ ಉಪಾಧ್ಯಾಯರು ಕಳವಳಪಡಬೇಕಾದುದಿಲ್ಲ. ಮೊತ್ತದಿಂದ ಉಳಿದೆರಡನ್ನು ಕಳೆದರೆ ಹೋದ ಅಂಕ ಮರಳಿ ಬರುವುದು. ಮೊತ್ತವನ್ನೇ ಇಲಿ ತಿಂದಿದ್ದರೆ ಮತ್ತೂ ಸುಲಭ, ಕೂಡಿದರಾಯಿತು. ಆದರೆ ಒಂದೇ ಸಾಲಿನಲ್ಲಿ ಎರಡು ತೂತುಗಳು ಬಿದ್ದರೆ? ಸಮೀಕರಣ ಒಂದು, ಅಜ್ಞಾತಗಳು ಎರಡು. ಎಂಥ ಗಣಿತಜ್ಞನಾದರೂ ಕೈಚೆಲ್ಲಿ ಕುಳಿತುಕೊಳ್ಳಬೇಕಾಗುವುದು.

ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾನಿಲಯಗಳ ಸರ್ವರುಗಳಲ್ಲಿ ಮಾಹಿತಿಯನ್ನು ಕಾಯುತ್ತಿರುವ ‘ರೇಡ್’ ಎಂಬ ಏರ್ಪಾಡಿನ ಗುಟ್ಟು ಬಹುಮಟ್ಟಿಗೆ ಇಷ್ಟೇ. ಅದರ ಬಲವೂ ಬಲಹೀನತೆಯೂ ಈ ಒಂದು ಸಾಲಿನಲ್ಲಿಯೇ ಅಡಗಿವೆ.

ಕಾಂತೀಯ ಡಿಸ್ಕಿನ ಮೇಲೆ ಮಾಹಿತಿಯನ್ನು ಬರೆದಿಡುವ ಯಂತ್ರವನ್ನು ಐಬಿಎಂ ಸಂಸ್ಥೆಯು ಮೊದಲು ಹೊರತಂದುದು 1956ರಲ್ಲಿ. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳು. ಇಂದಿನ ಡಿಸ್ಕು ಅಂಗೈಯಗಲದ್ದು. ಅದರ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುವುದು. ಓದುವ ಮೊನೆ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವುದು. ಇಷ್ಟು ಸೂಕ್ಷ್ಮವಾದ ಯಂತ್ರ ಕೆಡುವುದು ಆಶ್ಚರ್ಯವಲ್ಲ. ವರ್ಷಗಟ್ಟಲೆ ಕೆಡದೆ ನಡೆಯುವುದೇ ಆಶ್ಚರ್ಯ.

1988ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು, ದೊಡ್ಡ ಕಂಪ್ಯೂಟರುಗಳ ದುಬಾರಿ ಡಿಸ್ಕಿಗೆ ಬದಲಾಗಿ ಅಗ್ಗದ ಸಣ್ಣ ಡಿಸ್ಕುಗಳನ್ನು ಸಾಲುಗೂಡಿಸಬಹುದೆಂದು ಪ್ರಬಂಧವೊಂದರಲ್ಲಿ ವಾದಿಸಿದರು. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲಿ ಯಾವುದೋ ಒಂದು ಕೆಡುವ ಸಂಭವವೂ ಹೆಚ್ಚುವುದಷ್ಟೆ? ಆದುದರಿಂದ ಮಾಹಿತಿಯೊಡನೆ ಅದರ ‘ಮೊತ್ತ’ವನ್ನೂ ಬರೆದಿಡಬೇಕೆಂದು ಸೂಚಿಸಿದರು. ರೇಡ್ ಎಂಬ ಹೆಸರಿನಲ್ಲಿ ಮೊದಲು ‘ಅಗ್ಗದ’ ಎಂಬ ಪದವಿದ್ದಿತು. ಮುಂದೆ ಅದು ‘ಸ್ವತಂತ್ರ’ ಎಂದಾಯಿತು. ಅಗ್ಗವೆಂಬ ಮಾತು ಮಾರುವವರಿಗೆ ಹಿಡಿಸಲಿಲ್ಲವೆಂದು ನನ್ನ ಗುಮಾನಿ.

ಕಂಪ್ಯೂಟರು ಮೊತ್ತವನ್ನು ನಮ್ಮಂತೆ ಕೂಡಿ ತೆಗೆಯುವುದಿಲ್ಲ. ಸಮವೇ ವಿಷಮವೇ ಎಂದಷ್ಟೇ ನೋಡುವುದು. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1011, 0110, 1100 ಎಂದಿದ್ದರೆ, ಪ್ರತಿಯೊಂದು ಕಂಬಸಾಲಿನಲ್ಲಿರುವ 1ಗಳನ್ನು ಎಣಿಸಿ, ಸಮಸಂಖ್ಯೆಯಾದರೆ 0 ಎಂದೂ ವಿಷಮವಾದರೆ 1 ಎಂದೂ ನಾಲ್ಕನೆಯ ಡಿಸ್ಕಿನಲ್ಲಿ ಬರೆಯುವುದು. ಇಲ್ಲಿ ಬರುವುದು 0001. ಎರಡನೆಯ ಡಿಸ್ಕು ನಾಶವಾದರೆ ಉಳಿದ ಮೂರಕ್ಕೆ ಇದೇ ಲೆಕ್ಕ ಹಾಕಿ ನೋಡಿರಿ: 0110 ಮರಳಿ ಬಂದಿತು! ‘ರೇಡ್ 5’ ಎಂಬ ಬಗೆಯಲ್ಲಿ ಈ ಮೊತ್ತ ಒಂದೇ ಡಿಸ್ಕಿನಲ್ಲಿರದೆ ಸರದಿಯಂತೆ ಎಲ್ಲ ಡಿಸ್ಕುಗಳಲ್ಲಿಯೂ ಹಂಚಿಹೋಗಿರುವುದು. ತತ್ತ್ವ ಬೇರೆಯಲ್ಲ.

ಇನ್ನು ನಮ್ಮ ಪ್ರಯೋಗಶಾಲೆಯಲ್ಲಿ 2022ರ ಬೇಸಿಗೆಯಲ್ಲಿ ನಡೆದ ಸಂಗತಿ. ವಿಶ್ವಕಿರಣಗಳನ್ನು ಎಣಿಸುವ ಸಣ್ಣ ಉಪಕರಣವೊಂದನ್ನು ವಿದ್ಯಾರ್ಥಿಗಳು ಆರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಅದರ ಎಣಿಕೆಗಳೆಲ್ಲ ಇದ್ದುದು ನಾಲ್ಕು ಡಿಸ್ಕುಗಳ ರೇಡ್ 5 ಸರ್ವರಿನಲ್ಲಿ. ಒಂದೊಂದು ಡಿಸ್ಕು ನಾಲ್ಕು ಟೆರಾಬೈಟಿನದು. ಅವುಗಳನ್ನು ಕ, ಖ, ಗ, ಘ ಎಂದು ಕರೆಯೋಣ. ಬೇರೆಡೆ ನಕಲು ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇದ್ದಿತು, ಹದಿನಾಲ್ಕು ತಿಂಗಳ ಹಿಂದಿನದು.

ಒಂದು ಸಂಜೆ ‘3ನೆಯ ಡಿಸ್ಕು ಕೆಟ್ಟಿದೆ’ ಎಂದು ಸರ್ವರು ತಿಳಿಸಿತು. ನಮ್ಮ ಸಹಾಯಕರು ಮೂರನೆಯ ಡಿಸ್ಕಿನ ಹಿಡಿಗೆ ಕೈಹಾಕಿದರು. ಕಂಪ್ಯೂಟರು ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದು ನೆನಪಾದುದು ಆ ಕ್ಷಣದಲ್ಲಿ! ಅದರ ಮೂರನೆಯದು ನಮ್ಮ ನಾಲ್ಕನೆಯದು. ‘ಗ’ ಹೊರಬಂದಿದ್ದರೆ ಸಾಲಿನಲ್ಲಿ ಎರಡು ತೂತುಗಳಾಗಿ ಸರ್ವರು ಅಲ್ಲಿಯೇ ನಿಲ್ಲುತ್ತಿದ್ದಿತು. ಡಿಸ್ಕಿನ ನಿಜವಾದ ಗುರುತು ಅದರ ಮೈಮೇಲೆ ಅಚ್ಚಾದ ಕ್ರಮಸಂಖ್ಯೆಯೊಂದೇ. ಅದನ್ನು ಪರದೆಯ ಮೇಲಿನ ಸಂಖ್ಯೆಗೆ ತಾಳೆ ನೋಡಿ ‘ಘ’ವನ್ನು ತೆಗೆದೆವು. ಬೇರೊಂದು ಯಂತ್ರಕ್ಕೆ ಜೋಡಿಸಿದರೂ ಅದು ಟಕಟಕ ಎನ್ನುತ್ತಿದ್ದಿತೇ ಹೊರತು ತಿರುಗಲಿಲ್ಲ.

ಈ ಪರೀಕ್ಷೆ ಅನಗತ್ಯವೆನ್ನಬಾರದು. ಕೆಟ್ಟಿತೆನಿಸಿಕೊಂಡು ಹೊರಬೀಳುವ ಡಿಸ್ಕುಗಳೆಲ್ಲ ನಿಜವಾಗಿ ಕೆಟ್ಟಿರುವುದಿಲ್ಲ. ಕೇಬಲ್ಲು ಸಡಿಲವಾಗಿದ್ದರೂ ಹೀಗಾಗುವುದು. ಮನೆಬಳಕೆಗೆಂದು ಮಾಡಿದ ಡಿಸ್ಕು ಕಷ್ಟದ ಜಾಗವೊಂದು ಎದುರಾದರೆ ಅದನ್ನು ಒಂದೆರಡು ನಿಮಿಷವಾದರೂ ಮತ್ತೆ ಮತ್ತೆ ಓದಲು ಹೆಣಗುವುದು. ಒಂಟಿಯಾಗಿದ್ದಾಗ ಇದು ಒಳ್ಳೆಯ ಗುಣವೇ. ಆದರೆ ಸರ್ವರು ಅಷ್ಟು ಹೊತ್ತು ಕಾಯದೆ, ಉತ್ತರ ಬಾರದ್ದರಿಂದ ಸತ್ತಿತೆಂದು ತೀರ್ಮಾನಿಸಿ ಡಿಸ್ಕನ್ನು ಹೊರಗೆ ಹಾಕಿಬಿಡುವುದು. ಸರ್ವರಿಗೆಂದೇ ಮಾಡಿದ ಡಿಸ್ಕುಗಳು ಸುಮಾರು ಏಳು ಸೆಕೆಂಡುಗಳಲ್ಲಿ ‘ಓದಲಾಗಲಿಲ್ಲ’ ಎಂದು ಒಪ್ಪಿಕೊಳ್ಳುವುವು. ಆ ತುಣುಕನ್ನು ಸರ್ವರು ಮೊತ್ತದಿಂದ ಲೆಕ್ಕಹಾಕಿಕೊಳ್ಳುವುದು.

ಸಂಜೆ ಆರಕ್ಕೆ ಹೊಸ ಡಿಸ್ಕನ್ನಿಟ್ಟು ಪುನರ್ನಿರ್ಮಾಣವನ್ನು ಆರಂಭಿಸಿದೆವು. ಸೆಕೆಂಡಿಗೆ 15 ಕೋಟಿ ಬೈಟುಗಳಂತೆ ನಾಲ್ಕು ಲಕ್ಷ ಕೋಟಿ ಬೈಟುಗಳನ್ನು ಬರೆಯಲು ಏಳೂವರೆ ಗಂಟೆ ಬೇಕು. ಪುಣ್ಯಕ್ಕೆ ಉಪಕರಣದಿಂದ ಹೊಸ ಎಣಿಕೆಗಳು ಬಂದು ಬೀಳುವುದನ್ನು ಮೊದಲೇ ನಿಲ್ಲಿಸಿದ್ದೆವು. ರಾತ್ರಿ ಹತ್ತೂವರೆಗೆ, ನೂರಕ್ಕೆ 61ರಷ್ಟು ಮುಗಿದಿದ್ದಾಗ, ‘ಖ’ ಡಿಸ್ಕಿನಲ್ಲಿ ಓದಲಾಗದ ಜಾಗವೊಂದು ಸಿಕ್ಕಿತು. ಸರ್ವರು ‘ಖ’ವನ್ನೂ ಹೊರಗೆ ಹಾಕಿ ಸ್ತಬ್ಧವಾಯಿತು.

ಅದೇ ರಾತ್ರಿಯಲ್ಲಿ ಎರಡನೆಯ ಡಿಸ್ಕೂ ಕೆಡಬೇಕೆ, ಇದೆಂಥ ದುರದೃಷ್ಟ ಎನ್ನಬಹುದು. ನಾನೂ ಆಗ ಹಾಗೆಯೇ ಅಂದುಕೊಂಡೆ. ಆದರೆ ಅದು ತಪ್ಪು. ‘ಖ’ ಆ ರಾತ್ರಿ ಕೆಟ್ಟಿತೆನ್ನಲು ಆಧಾರವಿರಲಿಲ್ಲ. ಓದಲಾಗದ ಆ ಜಾಗ ಎಷ್ಟೋ ತಿಂಗಳುಗಳಿಂದ ಹಾಗೆಯೇ ಇದ್ದಿರಬೇಕು; ಯಾರೂ ಅದನ್ನು ಓದಲು ಹೋಗದಿದ್ದುದರಿಂದ ತಿಳಿಯಲಿಲ್ಲ. ಹಳೆಯ ಎಣಿಕೆಗಳನ್ನು ದಿನವೂ ತೆರೆದು ನೋಡುವವರಾರು? ಪುನರ್ನಿರ್ಮಾಣವಾದರೋ ಉಳಿದ ಮೂರು ಡಿಸ್ಕುಗಳ ಪ್ರತಿಯೊಂದು ಬಿಟ್ಟನ್ನೂ ಓದಲೇಬೇಕು. ಆ ಮೂರರ ಬಿಟ್ಟುಗಳು ಒಟ್ಟು 96 ಲಕ್ಷ ಕೋಟಿ. ಸಾಮಾನ್ಯ ಡಿಸ್ಕಿನ ತಯಾರಕರು ಒಪ್ಪಿಕೊಳ್ಳುವ ತಪ್ಪಿನ ಮಿತಿ ಒಂದು ಕೋಟಿ ಕೋಟಿ ಬಿಟ್ಟುಗಳಿಗೆ ಒಂದು. ಎರಡೂ ಹೆಚ್ಚುಕಡಮೆ ಸಮವೇ! ಬಹುಪಾಲು ಡಿಸ್ಕುಗಳು ಈ ಮಿತಿಗಿಂತ ಚೆನ್ನಾಗಿಯೇ ನಡೆಯುವುವು, ನಿಜ. ಆದರೂ ಇದು ನೆಮ್ಮದಿಯ ಸಂಖ್ಯೆಯಲ್ಲ.

ಮುನ್ಸೂಚನೆಗಳನ್ನು ನಂಬಿ ಕುಳಿತರೂ ಸಾಲದು. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಸ್ಕು ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಮೊದಲ ತಪ್ಪು ಕಂಡುಬಂದ ಅರವತ್ತು ದಿನಗಳೊಳಗೆ ಅದು ಕೆಡುವ ಸಂಭವ, ತಪ್ಪಿಲ್ಲದ ಡಿಸ್ಕಿಗಿಂತ 39 ಪಟ್ಟು. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆ ಕೆಟ್ಟಿದ್ದುವು.

ಆ ರಾತ್ರಿ ಕೂಡಿದ್ದವರಲ್ಲಿ ಒಬ್ಬರು ಸಾಲನ್ನು ಹೊಸದಾಗಿ ರಚಿಸಿಬಿಡೋಣವೆಂದರು. ಇಂಥ ಸಮಯದಲ್ಲಿ ಅಪಾಯಕರವಾದ ಸಲಹೆ ಇದೇ. ಹೊಸ ರಚನೆಯಲ್ಲಿ ಡಿಸ್ಕುಗಳ ಕ್ರಮ ತುಸು ತಪ್ಪಿದರೂ ಸರ್ವರು ಸುಳ್ಳು ಮೊತ್ತಗಳನ್ನು ನಿಜವಾದವುಗಳ ಮೇಲೆಯೇ ಬರೆದುಬಿಡುವುದು. ಯಂತ್ರವನ್ನು ಆರಿಸಿ ಮನೆಗೆ ಹೋದೆವು.

ಮರುದಿನ ‘ಖ’ವನ್ನು ಇನ್ನೊಂದು ಹೊಸ ಡಿಸ್ಕಿಗೆ ಇದ್ದಕ್ಕಿದ್ದಂತೆ ನಕಲು ಮಾಡತೊಡಗಿದೆವು. ಇದಕ್ಕೆ ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶವುಂಟು. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಗುರುತುಹಾಕಿ ಬಿಟ್ಟು, ಕೊನೆಯಲ್ಲಿ ಅವುಗಳಿಗೆ ಮರಳುವುದು. ಪರೀಕ್ಷೆಯಲ್ಲಿ ಜಾಣ ವಿದ್ಯಾರ್ಥಿ ಮಾಡುವ ಹಾಗೆ. ಒಂದು ಹಗಲೆಲ್ಲ ನಡೆದ ಈ ಕೆಲಸದಲ್ಲಿ ಒಂದೇ ಒಂದು ತುಣುಕನ್ನು ಬಿಟ್ಟು ಉಳಿದದ್ದೆಲ್ಲ ಬಂದಿತು. ಬಾರದ ತುಣುಕು 4096 ಬೈಟುಗಳದ್ದು. ಆಮೇಲೆ ‘ಕ’, ‘ಗ’, ಮತ್ತು ‘ಖ’ದ ನಕಲು ಇವುಗಳನ್ನು ಸೇರಿಸಿ ಬಲವಂತವಾಗಿ ಸಾಲನ್ನು ಜೋಡಿಸಿದೆವು. ‘ಘ’ದ ಸ್ಥಾನದಲ್ಲಿ ಪುನರ್ನಿರ್ಮಾಣ ಮೊದಲಿನಿಂದ ನಡೆದು, ಬೆಳಗಿನ ಜಾವಕ್ಕೆ ಮುಗಿಯಿತು.

ಎರಡು ಡಿಸ್ಕುಗಳು ಒಟ್ಟಿಗೆ ಹೋದರೂ ತಡೆದುಕೊಳ್ಳುವ ‘ರೇಡ್ 6’ ಇದ್ದೇ ಇದೆ. ಅದರಲ್ಲಿ ಮೊತ್ತದೊಡನೆ ಬೇರೆ ಬಗೆಯ ಎರಡನೆಯ ಮೊತ್ತವನ್ನೂ ಇಡುವರು; ಅಜ್ಞಾತಗಳು ಎರಡಾದರೆ ಸಮೀಕರಣಗಳೂ ಎರಡು. ಇದರ ಗಣಿತಕ್ಕೆ ಮೂಲಪುರುಷನಾದ ಗಾಲ್ವಾ 1832ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದನು. ಹೆಚ್ಚಿನ ಡಿಸ್ಕಿಗೆ ಹಣ ಒದಗುವ ತನಕ ನಮ್ಮಂಥವರಿಗೆ ಖರ್ಚಿಲ್ಲದ ಉಪಾಯವೊಂದಿದೆ. ಎಲ್ಲ ಡಿಸ್ಕುಗಳೂ ಸರಿಯಾಗಿರುವಾಗಲೇ ಅವುಗಳನ್ನು ತುದಿಯಿಂದ ತುದಿಯವರೆಗೆ ಓದಿಸಿ ತಾಳೆ ನೋಡುವುದು. ಓದಲಾಗದ ತುಣುಕು ಸಿಕ್ಕಿದರೆ ಮೊತ್ತದಿಂದ ಅದನ್ನು ಲೆಕ್ಕಹಾಕಿ ಮತ್ತೆ ಬರೆಯಬಹುದು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯು ಇದನ್ನು ಪ್ರತಿ ತಿಂಗಳ ಮೊದಲ ಭಾನುವಾರ ತಾನಾಗಿಯೇ ಮಾಡಿಕೊಳ್ಳುವುದು. ಸರ್ವರು ನಿಧಾನವಾಗುತ್ತದೆಂಬ ದೂರಿನ ಮೇಲೆ ನಮ್ಮಲ್ಲಿ ಅದನ್ನು ನಿಲ್ಲಿಸಲಾಗಿತ್ತು. ನಿಲ್ಲಿಸಿದವನು ನಾನೇ.

ಕಳೆದುಹೋದ ತುಣುಕು ಯಾವ ಕಡತಕ್ಕೆ ಸೇರಿದ್ದೆಂದು ಹುಡುಕಲು ಎರಡು ದಿನ ಹಿಡಿಯಿತು. ಒಂದು ರಾತ್ರಿಯ ಎಣಿಕೆಗಳಲ್ಲಿ ಕೆಲವು ನಿಮಿಷಗಳ ಭಾಗ ಅದು. ಈಗಲೂ ಆ ರಾತ್ರಿಯ ನಕ್ಷೆಯನ್ನು ಎಳೆದರೆ ಅಲ್ಲಿ ಗೆರೆ ತುಂಡಾಗಿರುವುದು.